ಯಾರ ನೆಲದ ದೂಳು

ಗಂಜಾಂನ ಶಾಹಜಹಾನ್ ಬೇಗಂ ಒಂದು ಕಡೆ ಕೂತು ಗೊತ್ತಿದ್ದ ಹೆಂಗಸಲ್ಲ. ಅಕ್ಕಿ ಆರಿಸಲು ಮೊರ ಹಿಡಿದು ಜಗುಲಿಯ ಮೇಲೆ ಕೂತರೂ ಒಂದು ಕಾಲು ಮೆಟ್ಟಿಲ ಮೇಲೆಯೇ ಇರುತ್ತಿತ್ತು. ಯಾರೋ ಕರೆದ ಹಾಗಾಯಿತು ಎಂದು ಏಳುವಳು, ಹಾಲು ಉಕ್ಕಿತೇನೋ ಎಂದು ಒಳಗೆ ಹೋಗುವಳು, ಹೋದವಳು ಯಾತಕ್ಕೆ ಬಂದೆ ಎನ್ನುವುದನ್ನೇ ಮರೆತು ಹಿತ್ತಿಲಿಗೆ ನಡೆದುಬಿಡುವಳು. "ಅಮ್ಮೀ, ನಿನ್ ಕಾಲ್ಗೆ ಚಕ್ರ ಕಟ್ಟವ್ರೆ" ಎಂದು ಮಗ ಜಫರ್ ರೇಗಿಸುತ್ತಿದ್ದ. ಅವನದು ಸಾಮಾನು ಸಾಗಿಸುವ ಆಟೊ. ಚಕ್ರದ ಮೇಲೆ ಬದುಕುವವನು ತಾಯಿಯ ಕಾಲು ನೋಡಿ ನಗುವುದು.

ಆದರೆ ಹಲಸಿನ ಮರದ ಮರಿಗೆ ಕೈಗೆ ಬಂತೆಂದರೆ ಅವಳೇ ಬೇರೆ. ಮರಿಗೆ ಎಂದರೆ ಅಗಲವಾದ, ಹೊಟ್ಟೆ ತಗ್ಗಿದ ಮರದ ಬೋಗುಣಿ. ಅದಕ್ಕೆ ಕರಿ ಪುಡಿ ಹಾಕಿ, ನೀರು ತುಂಬಿ, ಸೊಂಟದಿಂದ ಮೇಲೆ ಮೈಯನ್ನೇ ತೂಗುತ್ತ ಅಲ್ಲಾಡಿಸಿದರೆ ಹಗುರವಾದದ್ದೆಲ್ಲ ಅಂಚು ದಾಟಿ ಹೋಗುತ್ತದೆ, ಭಾರವಾದದ್ದು ತಳ ಹಿಡಿಯುತ್ತದೆ. ತಳ ಹಿಡಿದದ್ದೇ ಚಿನ್ನ.

ಆ ಚಿನ್ನ ಹೊಳೆಯದಲ್ಲ, ಬೆಟ್ಟದ್ದಲ್ಲ. ಅಕ್ಕಸಾಲಿಗಳ ಅಂಗಡಿಯ ನೆಲದ್ದು. ಅಕ್ಕಸಾಲಿ ಅರ ಹಾಕಿ ಉಜ್ಜುವಾಗ, ಓಲೆಗೆ ಹೊಳಪು ಕೊಡುವಾಗ, ಕಣ್ಣಿಗೆ ಕಾಣದ ಪುಡಿ ಉದುರುತ್ತದೆ. ಕೂತ ಚಾಪೆಗೆ ಹತ್ತುತ್ತದೆ, ಪಂಚೆಗೆ ಅಂಟುತ್ತದೆ, ಕೈ ತೊಳೆದ ನೀರಿನಲ್ಲಿ ಗುಂಡಿ ಸೇರುತ್ತದೆ. ಅದಕ್ಕೇ ಅವರು ಅಂಗಡಿಯ ಕಸವನ್ನು ಬೀದಿಗೆ ಎಸೆಯುವುದಿಲ್ಲ. ಬಾಗಿಲ ಹಿಂದೆ ಡಬ್ಬದಲ್ಲಿ ತುಂಬಿಟ್ಟು ಶಾಹಜಹಾನ್‌ಗಾಗಿ ಕಾಯುತ್ತಾರೆ. ಯುಗಾದಿ ಕಳೆದ ಮೇಲೊಂದು ಸಲ, ದೀಪಾವಳಿಗೆ ಮುಂಚೆ ಒಂದು ಸಲ ಅವಳು ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ ಎಂದು ಬಸ್ಸು ಹತ್ತಿ ಇಳಿದು, ಆ ದೂಳನ್ನು ಚೀಲಕ್ಕೆ ತುಂಬಿ ತರುತ್ತಾಳೆ. ಸವೆದ ಚಾಪೆ, ಹಳೆಯ ಬ್ರಷ್ಷು, ಗುಂಡಿಯ ಕೆಸರು ಯಾವುದನ್ನೂ ಬಿಡುವುದಿಲ್ಲ. ಹಿತ್ತಿಲಿನಲ್ಲಿ ಸುಟ್ಟು, ಕುಟ್ಟಿ, ಜರಡಿ ಹಿಡಿದು ತೊಳೆಯುತ್ತಾಳೆ. ಗಂಡ ಶಹಾಬುದ್ದೀನ್ ಇದ್ದಾಗ ಇಬ್ಬರೂ ಮಾಡುತ್ತಿದ್ದರು. ಅವನು ತೀರಿಕೊಂಡ ಮೇಲೆ ಅವಳೊಬ್ಬಳೇ.

ಈ ಕೆಲಸಕ್ಕೊಂದು ಕಟ್ಟುಪಾಡು ಇತ್ತು. ಯಾರ ನೆಲದ ದೂಳು ಎಂದು ಯಾರಿಗೂ ಹೇಳಬಾರದು. ದೂಳು ದಪ್ಪವಾಗಿದ್ದರೆ ಆ ಅಂಗಡಿಯಲ್ಲಿ ಕೆಲಸ ಹೆಚ್ಚು ಎಂದರ್ಥ, ಇಲ್ಲವೆ ಆಚಾರಿಯ ಕೈ ಸಡಿಲ ಎಂದರ್ಥ. ಎರಡೂ ಊರಿಗೆ ಗೊತ್ತಾಗಬಾರದ ಮಾತು. ಹಾಗೆಯೇ, ದೂಳು ಕೊಟ್ಟವನು ತೊಳೆಯುವ ಜಾಗಕ್ಕೆ ಬರುವಂತಿಲ್ಲ. ಕಣ್ಣಂದಾಜಿನಲ್ಲಿ ಬೆಲೆ ಮಾತಾಡಿ ಕೊಟ್ಟ ಮೇಲೆ ಅದರಲ್ಲಿ ಎಷ್ಟು ಸಿಕ್ಕಿತು ಎನ್ನುವುದು ತೊಳೆದವಳ ಹಣೆಬರಹ. ಬಸ್ಸಿನಲ್ಲಿ ಯಾರಾದರೂ "ಚೀಲದಾಗೆ ಏನಮ್ಮ?" ಎಂದು ಕೇಳಿದರೆ ಶಹಾಬುದ್ದೀನನ ತಂದೆಯ ಕಾಲದಿಂದಲೂ ಮನೆಯವರದು ಒಂದೇ ಉತ್ತರ: ಹೊಳೆ ಮರಳು.

ಅದು ಪೂರಾ ಸುಳ್ಳೂ ಅಲ್ಲ. ಸುಟ್ಟ ದೂಳಿನಲ್ಲಿ ಬೆಸುಗೆಯ ಬಿಳಿಗಾರ ಗಾಜಿನ ಹಾಗೆ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಒಡೆಯಲು ಕಾವೇರಿಯ ದಡದಲ್ಲಿ ಗೆರೆಗೆರೆಯಾಗಿ ನಿಲ್ಲುವ ಕರಿ ಮರಳನ್ನು ಒಂದು ಬೊಗಸೆ ತಂದು ಸೇರಿಸಿ ಅರೆಯುತ್ತಾರೆ. ಮುಂಚೆಯೆಲ್ಲ ತೊಳೆದ ಮೇಲೆ ಆಸಿಡ್ಡು, ಕುಲುಮೆ ಎಂದು ಮನೆಯಲ್ಲೇ ಚಿನ್ನದ ಗುಂಡು ತೆಗೆಯುತ್ತಿದ್ದರು. ಮರಳು ಗಿರಳು ಎಲ್ಲ ಅಲ್ಲೇ ಹೋಗುತ್ತಿತ್ತು. ಹೊಗೆಗೆ ಅಕ್ಕಪಕ್ಕದವರು ಕೆಮ್ಮಿದರು, ಶಾಹಜಹಾನ್‌ಗೂ ಎದೆ ಕಟ್ಟಿತು, ಅವಳೇ ಆಸಿಡ್ಡು ನಿಲ್ಲಿಸಿದಳು. ಆಗ ಸಿಕ್ಕಿದವನು ಮೈಸೂರಿನಿಂದ ಬಂದು ಹೋಗುವ ವ್ಯಾಪಾರಿ ಕಿಶನ್ ಸೇಟು. "ಕೊನೇತನಕ ಯಾಕೆ ತೊಳೀತೀರಮ್ಮ? ಕರಿ ಪುಡಿ ಇದ್ದಹಂಗೇ ಕೊಡಿ. ಹೊರದೇಶದಲ್ಲಿ ದೊಡ್ಡ ಕಾರ್ಖಾನೆಯವರು ಹಾಗೇ ತಗೋತಾರೆ" ಎಂದ. ಕೊಟ್ಟಳು. ನಡೆಯಿತು.

ಗೌರಿ ಹಬ್ಬ ಮುಗಿದ ವಾರದಲ್ಲಿ ಕಿಶನ್ ಬಂದಾಗ ಅವನ ಮುಖ ಕೆಟ್ಟಿತ್ತು. ಚಪ್ಪಲಿ ಬಿಡದೆಯೇ ಜಗುಲಿಯ ಅಂಚಿಗೆ ಕೂತ.

"ಸರಕು ನಿಂತೋಯ್ತಮ್ಮ. ಬೆಂಗಳೂರಲ್ಲಿ ಕಸ್ಟಮ್ಸ್‌ನವರು ಹಿಡ್ಕೊಂಡವ್ರೆ."

"ಯಾಕೆ ಸೇಟು? ಕದ್ದಿದ್ದಾ?"

"ಕದ್ದಿದ್ದಲ್ಲ. ನಾನು ಕಾಗದದಲ್ಲಿ ಚಿನ್ನದ ಅದಿರು ಅಂತ ಬರ್ಸಿದ್ದೆ. ಕರಿ ಪುಡಿ, ಮರಳಿನ ಹಂಗೆ ಅದೆ, ಅದಿರು ಅಂದ್ರೆ ಸಲೀಸು ಅಂತ. ಅವ್ರು ಪರೀಕ್ಷೆ ಮಾಡ್ಸಿದ್ರು. ಹೊಳೆ ಮರಳಿನ ಕಣ ಅದೆ ಅಂತ ಬಂತು. ಸರಿ, ಅದಿರೇ ಆದ್ರೆ ಎಲ್ಲಿ ತೆಗ್ದಿದ್ದು, ಪರ್ಮಿಟ್ಟು ಎಲ್ಲಿ ಅಂತವ್ರೆ. ನಾಳೆ ಒಬ್ಬರು ಮೇಡಂ ಇಲ್ಲಿಗೇ ಬರ್ತಾರೆ."

ಶಾಹಜಹಾನ್ ಅಷ್ಟು ಹೊತ್ತಿಗೆ ಮೂರು ಸಲ ಎದ್ದು ಕೂತಿದ್ದಳು. ಜಫರ್ ಆಟೊ ಒರೆಸುತ್ತಿದ್ದವನು ಬಟ್ಟೆ ಕೈಯಲ್ಲಿ ಹಿಡಿದೇ ನಿಂತ. "ಅದಿರು ಅಂದ್ರೆ ಗಣಿ ಕಣಮ್ಮೀ. ಗಣಿಗೆ ಪರ್ಮಿಟ್ಟು ಬೇಕು. ನಮ್ತಾವ ಆಟೊ ಪರ್ಮಿಟ್ಟು ಬುಟ್ರೆ ಇನ್ನೇನದೆ?"

ಮರುದಿನ ಬಂದ ಅಧಿಕಾರಿ ಚಿಕ್ಕ ವಯಸ್ಸಿನವಳು, ಹೆಸರು ಸ್ನೇಹ. ದರ್ಪವಿಲ್ಲ, ಆದರೆ ಕಣ್ಣು ಒಂದನ್ನೂ ಬಿಡುತ್ತಿರಲಿಲ್ಲ. ಸುಡುವ ಗುಂಡಿ ನೋಡಿದಳು, ಅರೆಯುವ ಕಲ್ಲು ಮುಟ್ಟಿದಳು. ಕೊಟ್ಟ ಟೀ ಕುಡಿದು, ಲೋಟ ಕೆಳಗಿಟ್ಟು, ಮೆಲ್ಲಗೆ ಕೇಳಿದಳು: "ಈ ಪುಡಿ ಎಲ್ಲಿಂದ ಬರುತ್ತಮ್ಮ?"

"ಹೊಳೆ ಮರಳು ತಾಯಿ" ಎಂದುಬಿಟ್ಟಳು ಶಾಹಜಹಾನ್.

ಬಾಯಿಂದ ಬಿದ್ದ ಮೇಲೆ ತಿಳಿಯಿತು. ಬಸ್ಸಿನಲ್ಲಿ ಹೇಳುವ ಮಾತು, ಸಂತೆಯಲ್ಲಿ ಹೇಳುವ ಮಾತು, ಮದುವೆಮನೆಯಲ್ಲಿ ಬೀಗರಿಗೂ ಹೇಳಿದ ಮಾತು. ನಾಲಗೆ ತನ್ನ ಪಾಡಿಗೆ ತಾನು ಹೇಳಿಬಿಟ್ಟಿತು. ಸ್ನೇಹ ಒಂದು ಗಳಿಗೆ ಅವಳ ಮುಖವನ್ನೇ ನೋಡಿದಳು.

"ಹೊಳೆಯಲ್ಲಿ ಚಿನ್ನ ಸಿಗುತ್ತಾ?"

ಕಿಶನ್ ಹಿಂದಿನಿಂದ ತಲೆ ಅಲ್ಲಾಡಿಸುತ್ತಿದ್ದ, ಹೂಂ ಅನ್ನು ಹೂಂ ಅನ್ನು ಎಂದು. "ಕಣ್ಣಿದ್ದೋರ್ಗೆ ಸಿಕ್ತದೆ ತಾಯಿ" ಎಂದಳು ಶಾಹಜಹಾನ್.

ಆಕೆ ಹೋದ ಮೇಲೆ ಕಿಶನ್‌ಗೆ ಹೋದ ಜೀವ ಬಂದ ಹಾಗಾಗಿತ್ತು. "ಒಳ್ಳೇ ಮಾತಾಡಿದ್ರಿ. ಅದಕ್ಕೇ ಗಟ್ಟಿಯಾಗಿ ನಿಂತ್ಕೊಳ್ಳಿ. ಪರ್ಮಿಟ್ಟಿಗೆ ಏನಾದ್ರೂ ದಾರಿ ಹುಡುಕೋಣ. ಅಕ್ಕಸಾಲಿ ಕಸ ಅಂದ್ರೆ ಯಾವ ಅಕ್ಕಸಾಲಿ ಅಂತ ಹೆಸರು ಕೇಳ್ತಾರೆ. ಹೆಸರು ಹೇಳಿದ್ರೆ ನಿಮಗೆ ಯಾರು ಬಾಗಿಲು ತೆಗೀತಾರೆ? ಹೊಳೆ ಏನು ಬಂದು ಸಾಕ್ಷಿ ಹೇಳುತ್ತಾ?"

ಅದು ನಿಜವೇ. ಅವಳ ಹತ್ತಿರ ಇದ್ದ ಆಸ್ತಿ ಎಂದರೆ ನಾಲ್ಕು ಊರಿನ ಅಕ್ಕಸಾಲಿಗಳ ಬಾಗಿಲು. ತಮ್ಮ ಸ್ವಂತ ತಮ್ಮಂದಿರನ್ನೂ ಕುಲುಮೆಯ ಹತ್ತಿರ ಬಿಡದವರು ಅವಳನ್ನು ಬಿಡುತ್ತಿದ್ದರು. ಆ ಬಾಗಿಲು ಮುಚ್ಚಿದರೆ ಮರಿಗೆ ಹಿತ್ತಿಲಿನಲ್ಲಿ ಕೋಳಿಗೆ ನೀರಿಡುವುದಕ್ಕೆ ಮಾತ್ರ.

ಸುಮ್ಮನಿದ್ದರೆ ಆಯಿತು ಎಂದುಕೊಂಡಳು. ಸುಮ್ಮನಿರುವುದು ಅವಳಿಗೆ ಬಂದರಲ್ಲವೆ? ಪಾತ್ರೆ ತೊಳೆದದ್ದನ್ನೇ ಮತ್ತೆ ತೊಳೆದಳು. ಒಗೆದ ಬಟ್ಟೆ ಒಣಗುವ ಮುಂಚೆ ಮಡಿಸಿದಳು. ನಮಾಜಿಗೆ ನಿಂತರೆ ಮನಸ್ಸು ಬೆಂಗಳೂರಿಗೆ ಹೋಗಿ ಬರುತ್ತಿತ್ತು.

ಹೊಳೆ ಬಂದು ಸಾಕ್ಷಿ ಹೇಳಲಿಲ್ಲ, ಸರಿ. ಆದರೆ ಹೊಳೆಯ ಹತ್ತಿರಕ್ಕೆ ಒಂದು ಜೀಪು ಬಂತು. ಗಂಜಾಂನ ದಡದಲ್ಲಿ ಚಿನ್ನದ ಮರಳು ತೆಗೆಯುತ್ತಿದ್ದಾರಂತೆ ಎಂದು ಯಾವುದೋ ಇಲಾಖೆಯವರು ಇಳಿದು, ದಡದ ಉದ್ದಕ್ಕೂ ಓಡಾಡಿ, ಇದು ಇತ್ಯರ್ಥ ಆಗುವ ತನಕ ಯಾರೂ ತೆಪ್ಪ ಇಳಿಸಬಾರದು, ಬುಟ್ಟಿ ಬಾಂಡಲಿ ತರಬಾರದು ಎಂದು ಹೇಳಿ ಹೋದರು. ನಿಮಿಷಾಂಬ ಗುಡಿಗೆ ಬಂದ ಭಕ್ತರನ್ನು ತೆಪ್ಪದಲ್ಲಿ ಸುತ್ತಿಸಿ ಬದುಕುವ ಮನೆಗಳು ಅಲ್ಲಿ ಕೆಲವಿದ್ದವು. ಪಕ್ಕದ ಬೀದಿಯ ಮಂಚಮ್ಮನದು ಅಂಥದೊಂದು. ಅವಳು ಸಂಜೆಯ ಹೊತ್ತಿಗೆ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬಂದಳು.

"ಏನ್ ಬೂಬಮ್ಮ, ಒಳೇಲಿ ಚಿನ್ನ ತೆಗ್ದೆಯಂತೆ? ಇಷ್ಟ್ ವರ್ಸದಿಂದ ನಾನು ಚಿನ್ನದ್ ಮ್ಯಾಲೆ ಕುಂತ್ಕಂಡು ಎಜಮಾನ್ರ ಚಡ್ಡಿ ಒಗೀತಿದ್ನಾ?"

"ಮಂಚಮ್ಮ, ಕುಂತ್ಕ ಬಾ—"

"ಕುಂತ್ಕಳಕ್ಕೇ ಬಂದಿವ್ನಿ ಬುಡು, ಬ್ಯಾರೆ ಕೆಲ್ಸ ಏನದೆ? ತೆಪ್ಪ ಮಗುಚಾಕ್ಬುಟ್ಟವ್ರೆ. ನಮ್ಮೆಜಮಾನ್ರು ಮನೇಲೇ ಅವ್ರೆ, ಬೆಳಗಿಂದ ನನ್ ಸಾರ್ಗೆ ಉಪ್ಪು ಜಾಸ್ತಿ, ಖಾರ ಜಾಸ್ತಿ ಅಂತ ವರದಿ ಒಪ್ಪಿಸ್ತಾವ್ರೆ. ಅವ್ರನ್ನ ನೀರ್ಗೆ ಇಳಿಸ್ಬುಡು ತಾಯಿ, ಪುಣ್ಯ ಬತ್ತದೆ." ನಗುತ್ತಲೇ ಹೇಳಿದಳು. ಎದ್ದು ಹೋಗುವಾಗ ಮಾತ್ರ ನಗಲಿಲ್ಲ. "ದಸರಾ ಬತ್ತಾ ಅದೆ. ನಮ್ಗೆ ವರ್ಸದಾಗೆ ಜನ ಬರಾದೇ ಆಗ. ನಿನ್ ಮಾತ್ನಿಂದ ಆಗಿದ್ದು, ನೀನೇ ನೋಡು."

ಆ ಮೇಲೆ ಶಾಹಜಹಾನ್‌ಗೆ ಮನೆಯಲ್ಲಿ ನಿಲ್ಲುವುದಕ್ಕೇ ಆಗಲಿಲ್ಲ. ಜಫರ್‌ನ ಕೈಯಲ್ಲಿ ಸ್ನೇಹಳಿಗೆ ಫೋನು ಮಾಡಿಸಿದಳು. ಅವನು ಫೋನನ್ನು ಎಲ್ಲರಿಗೂ ಕೇಳುವ ಹಾಗೆ ಇಟ್ಟು ಜಗುಲಿಯ ಮೇಲೆ ಹಿಡಿದ.

"ತಾಯಿ, ಹೊಳೇದಲ್ಲ ಅದು. ಅಕ್ಕಸಾಲಿಗಳ ಅಂಗ್ಡಿ ದೂಳು. ನನ್ ಬಾಯಿ ತಪ್ತು."

ಆ ಕಡೆ ಸ್ನೇಹ ಉಸಿರು ಬಿಟ್ಟದ್ದು ಕೇಳಿಸಿತು. "ನನಗೂ ಅನುಮಾನ ಇತ್ತಮ್ಮ. ಪರೀಕ್ಷೆಯಲ್ಲಿ ಹೊಳೆ ಮರಳು ಇತ್ತು, ನಿಜ. ಆದರೆ ಬೆಸುಗೆಯ ಗುರುತೂ ಇತ್ತು. ಹೊಳೆಯೊಳಗೆ ಕೂತು ಯಾರು ಬೆಸುಗೆ ಹಾಕ್ತಾರೆ?"

"ಎರಡೂ ಕರಿ ಪುಡೀನೇ ಅಲ್ವಾ ತಾಯಿ? ಯಾವ್ದಾದ್ರೇನು?"

"ಹಾಗಲ್ಲ. ಹೊರದೇಶಕ್ಕೆ ಹೋಗೋ ಒಂದೊಂದು ಸಾಮಾನಿಗೂ ಒಂದು ಸಂಖ್ಯೆ ಇದೆ. ಯಾವ ದೇಶದ ಬಂದರಿಗೆ ಹೋದರೂ ಆ ಸಂಖ್ಯೆ ನೋಡಿಯೇ ಸುಂಕ, ಕಾನೂನು ಎಲ್ಲ. ಭೂಮಿಯಿಂದ ತೆಗೆದು, ತೊಳೆದು, ಮಣ್ಣಿಂದ ಬೇರೆ ಮಾಡಿದ್ದು ಅದಿರು. ಆ ಸಂಖ್ಯೆಗಳ ಪಟ್ಟಿಯಲ್ಲಿ ಅದು ಇಪ್ಪತ್ತಾರನೇ ಅಧ್ಯಾಯ. ಒಡವೆ ಮಾಡೋರ ಕೈಗೆ ಬಂದ ಚಿನ್ನ ಉದುರಿ ಕಸವಾದರೆ ಅದು ಎಪ್ಪತ್ತೊಂದನೇದು. ಒಂದು ಸಲ ಒಡವೆಯವರ ಕೈ ಸೇರಿದ ಚಿನ್ನ ಮತ್ತೆ ಅದಿರಾಗಲ್ಲ, ಎಷ್ಟೇ ಮಣ್ಣು ಮೆತ್ತಿದ್ರೂ."

"ಅಂಗಾದ್ರೆ ಅಂಗೇ ಬರ್ಕೊಳ್ಳಿ."

"ನಿಮ್ಮ ಮಾತು ಒಂದು ಸಲ ಬದಲಾಗಿದೆಯಲ್ಲಮ್ಮ. ಈಗ ಒಬ್ಬ ಅಕ್ಕಸಾಲಿಯಾದರೂ ಇದು ನಮ್ಮ ಅಂಗಡಿ ದೂಳು ಅಂತ ಹೇಳಬೇಕು. ಆ ದೂಳನ್ನ ನೀವು ನನ್ನೆದುರಿಗೆ ತೊಳೆದು ತೋರಿಸಬೇಕು. ಸೋಮವಾರ ನಾನು ಬರ್ತೀನಿ. ಆಗಲೂ ಯಾರೂ ಇಲ್ಲದಿದ್ರೆ ನೀವು ಮೊದಲು ಹೇಳಿದ್ದೇ ಉಳಿಯುತ್ತೆ."

ಮರುದಿನ ಬೆಳಿಗ್ಗೆಯೇ ಪಾಂಡವಪುರದ ಬಸ್ಸು ಹತ್ತಿದಳು. ಜಫರ್ ಆಟೊದಲ್ಲಿ ಬಿಡುತ್ತೇನೆಂದರೂ ಕೇಳಲಿಲ್ಲ. ಅಕ್ಕಸಾಲಿಗಳ ಮನೆಗೆ ಅವಳು ಯಾವತ್ತೂ ಒಬ್ಬಳೇ ಹೋದವಳು.

ಪಾಂಡವಪುರದ ಚಲುವಾಚಾರಿ ಶಹಾಬುದ್ದೀನನ ಸ್ನೇಹಿತ. ವಯಸ್ಸಾದವನು, ಮಾಂಗಲ್ಯ ಮಾಡುವುದರಲ್ಲಿ ಸುತ್ತಿನ ಊರಿಗೆಲ್ಲ ಅವನದೇ ಕೈ. ಅವಳನ್ನು ನೋಡಿ ಅರ ಕೆಳಗಿಟ್ಟ.

"ಏನ್ ಬೂಬಮ್ಮ, ದೀಪಾವಳಿ ಇನ್ನೂ ದೂರ ಅದೆ. ಕಾಲ್ಗೆ ಪಂಚಾಂಗ ತಿಳಿಯಾಕಿಲ್ವಾ?"

ಅವಳು ನಿಂತೇ ಎಲ್ಲ ಹೇಳಿದಳು. ಅವನು ಕೇಳುತ್ತ ಕೇಳುತ್ತ ಕನ್ನಡಕ ತೆಗೆದು ಒರೆಸಿದ. ಮಗನನ್ನು ಕೂಗಿ ಟೀ ತರಿಸಿದ.

"ಕುಂತ್ಕ. ಟೀ ಕುಡಿ. ಊಟ ಮಾಡ್ಕಂಡು ಓಗು. ಹೆಸ್ರು ಮಾತ್ರ ಕೇಳ್ಬ್ಯಾಡ."

"ಒಂದ್ ಮಾತು ಆಚಾರ್ರೆ. ನಮ್ಮಂಗ್ಡಿ ದೂಳು ಅಂತ ಅಷ್ಟೇ."

"ಅದೇ ಒಂದ್ ಮಾತು. ನನ್ನಂಗ್ಡಿ ದೂಳು ಅಂತ ಸರ್ಕಾರದ ಕಾಗ್ದದಾಗೆ ಬಿದ್ರೆ, ನಾಳೆ ಮಾಂಗಲ್ಯ ಮಾಡಿಸ್ದೋಳು ಬಂದು, ನನ್ ಚಿನ್ನ ನಿನ್ ನೆಲಕ್ಕೆ ಎಷ್ಟ್ ಬಿತ್ತು ತೋರ್ಸು ಅಂತಾಳೆ. ಏನ್ ಏಳ್ಲಿ? ಶಹಾಬುದ್ದೀನ ಇದ್ದಿದ್ರೆ ಈ ಮಾತು ಎತ್ತಿರೋನಾ?"

ಆ ಕೊನೆಯ ಮಾತು ಅವಳಿಗೆ ಸೂಜಿ ಚುಚ್ಚಿದ ಹಾಗಾಯಿತು. ಟೀ ಬಿಸಿಬಿಸಿಯಾಗಿಯೇ ನುಂಗಿ ಎದ್ದಳು. ನಾಗಮಂಗಲದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಜಾಗ ಬದಲಿಸಿದಳು, ಮತ್ತೆ ಬದಲಿಸಿದಳು. "ಏನಮ್ಮ, ಸೀಟ್ನಾಗೆ ಇರುವೆ ಅವಾ?" ಎಂದ ಕಂಡಕ್ಟರ್.

ನಾಗಮಂಗಲದ ದಿಲೀಪನದು ಗಾಜಿನ ಬಾಗಿಲಿನ ಹೊಸ ಅಂಗಡಿ. ಅಪ್ಪನ ಕುಲುಮೆ ಹಿಂದುಗಡೆ ಇನ್ನೂ ಇತ್ತು, ಇಬ್ಬರು ಕೆಲಸಗಾರರು ಅಲ್ಲಿ ಕೂರುತ್ತಿದ್ದರು. ಅವನು ಮೊಬೈಲಿನಿಂದ ತಲೆ ಎತ್ತದೆ ಕೇಳಿಸಿಕೊಂಡ.

"ಅಜ್ಜಿ, ಈಗ ನಮ್ಮಂಗ್ಡೀಲಿ ದೂಳೇ ಇಲ್ಲ ಕಣಜ್ಜಿ. ಏಸಿ ಹಾಕ್ಸಿದ್ದೀನಿ."

"ಓದ್ ಯುಗಾದೀಲಿ ಅರ್ಧ ಚೀಲ ಕೊಟ್ಯಲ್ಲಪ್ಪ?"

"ಕೊಟ್ನಾ? ಯಾರ್ ನೋಡಿದ್ರು?" ಎಂದು ನಕ್ಕ. ಹಿಂದಿನ ಕೆಲಸಗಾರರೂ ನಕ್ಕರು. ಅವಳು ಇಷ್ಟು ವರ್ಷ ಹೇಳಿಕೊಂಡು ಬಂದ ಸುಳ್ಳಿನ ತಮ್ಮನೇ ಇದು. ಇವತ್ತು ಅವಳ ಕಡೆ ತಿರುಗಿ ನಿಂತಿತ್ತು. ಅಷ್ಟು ಹೇಳಿದವನು ಹೊರಗೆ ಬಂದು, "ಬಸ್‌ಸ್ಟಾಂಡಿಗೆ ಬೈಕಲ್ಲಿ ಬಿಡ್ಲಾ ಅಜ್ಜಿ?" ಎಂದ. ಬೇಡ ಎಂದು ನಡೆದಳು.

ಶ್ರೀರಂಗಪಟ್ಟಣದವರನ್ನು ಹಿಂದಿನ ದಿನ ಫೋನು ಮುಗಿದ ಮೇಲೆಯೇ ಕೇಳಿ ಆಗಿತ್ತು. ಊರಿನವರು ಊರಿನವರೇ, ಜೀಪು ನೋಡಿದವರು. ಯಾರೂ ಮಾತಿಗೇ ಸಿಕ್ಕಿರಲಿಲ್ಲ. ಉಳಿದದ್ದು ಕೆ.ಆರ್. ಪೇಟೆಯ ಸೋಮಮ್ಮ.

ಸೋಮಮ್ಮನನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣ ಇತ್ತು. ಗಂಡ ಸತ್ತ ಮೇಲೆ ಕುಲುಮೆಯ ಮುಂದೆ ತಾನೇ ಕೂತು ಮೂಗುಬೊಟ್ಟು, ಕಾಲುಂಗುರ ಎಂದು ಸಣ್ಣ ಕೆಲಸ ಮಾಡಿಕೊಂಡಿದ್ದವಳು. ಮಾತು ಹರಿತ. ದೂಳು ಕೊಡುವಾಗ ಪ್ರತಿ ಸಲವೂ "ಇದ್ರಾಗೆ ಎಷ್ಟ್ ತೆಗೀತೀಯ ಬೂಬಮ್ಮ, ನಿಜ ಏಳು" ಎಂದು ಕೇಳದೆ ಬಿಟ್ಟವಳಲ್ಲ. ಶಾಹಜಹಾನ್ ಪ್ರತಿ ಸಲವೂ "ಅಲ್ಲಾ ಕೊಟ್ಟಷ್ಟು" ಎಂದು ಜಾರಿಕೊಂಡವಳು.

ಕೆ.ಆರ್. ಪೇಟೆಯಲ್ಲಿ ಇಳಿದಾಗ ಹೊತ್ತು ಇಳಿದಿತ್ತು. ಸೋಮಮ್ಮ ಊದುಗೊಳವೆ ಬಾಯಿಂದ ತೆಗೆಯದೆ ಕಣ್ಣಲ್ಲೇ ಕೂರು ಎಂದಳು. ಹಿಡಿದ ಕೆಲಸ ಮುಗಿಸಿ, ಎಲ್ಲ ಕೇಳಿದಳು.

"ಗಂಡಸ್ರು ಯಾರೂ ಒಪ್ಲಿಲ್ವಾ?"

"ಇಲ್ಲ ಅಕ್ಕ."

"ನನ್ ಹೆಸ್ರು ಬರ್ಕೊಂಡ್ರೆ ನಂಗೇನ್ ಓದದು? ನನ್ ನೆಲಕ್ಕೆ ಬೀಳಾದೆಲ್ಲ ಮೂಗುಬೊಟ್ಟಿನ ದೂಳು. ಏಳ್ತೀನಿ." ಶಾಹಜಹಾನ್‌ಗೆ ಎದೆಯ ಮೇಲಿನ ಕಲ್ಲು ಇಳಿಯುವಷ್ಟರಲ್ಲಿ ಸೋಮಮ್ಮ ಬೆರಳು ಎತ್ತಿದಳು. "ಆದ್ರೆ ತೊಳಿಯಾದು ಗಂಜಾಂನಾಗಲ್ಲ. ಇಲ್ಲೇ, ನಮ್ ಹಿತ್ಲಾಗೆ. ಆ ಮೇಡಂ ಜೊತೇಲಿ ನಾನೂ ಕುಂತ್ಕಂಡು ನೋಡ್ತೀನಿ."

ಶಾಹಜಹಾನ್ ಎದ್ದು ನಿಂತಳು. ಬಾಗಿಲ ತನಕ ಹೋದಳು, ತಿರುಗಿ ಬಂದಳು. ಯಾರ ದೂಳು ಎನ್ನುವುದು ಹೋಯಿತು; ಎಷ್ಟು ಚಿನ್ನ ಎನ್ನುವುದೂ ಹೋದರೆ ಉಳಿಯುವುದೇನು? ಒಮ್ಮೆ ನೋಡಿದವಳು ಮುಂದಿನ ಸಲ ಕೊಟ್ಟಾಳೆಯೆ? ಅವಳು ನೋಡಿದ್ದು ಪಾಂಡವಪುರಕ್ಕೆ ಹೋಗದೆ ಇದ್ದೀತೆ? ಸೋಮಮ್ಮ ಕುಲುಮೆಯ ಬೂದಿ ಕೆದಕುತ್ತ ಕಾದಳು. ಹೊರಗೆ ಬಸ್ಸು ಹಾರ್ನು ಹೊಡೆಯಿತು. ಗಂಜಾಂ ಕಡೆಗೆ ಹೋಗುವ ಹಗಲಿನ ಕೊನೆಯ ಬಸ್ಸು.

"ಆಯ್ತು ಕಣಕ್ಕ" ಎಂದಳು. ಹೇಳಿ ಓಡಿದಳು.

ಸೋಮವಾರ ಸೋಮಮ್ಮನ ಹಿತ್ತಿಲಿನಲ್ಲಿ ಸ್ನೇಹ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಸೋಮಮ್ಮ ಕಲ್ಲಿನ ಮೇಲೆ. ಕಿಶನ್ ಕೂರದೆ ಗೋಡೆಗೆ ಒರಗಿದ್ದ. ಅವನ ಕಾಗದ ಸುಳ್ಳಾಗುವುದನ್ನು ನೋಡಲು ಅವನೇ ಬರಬೇಕಾಗಿತ್ತು. ಸೋಮಮ್ಮ ತನ್ನ ಕೈಯಿಂದಲೇ ಡಬ್ಬದ ದೂಳು ಸುರಿದು "ಇದು ನಮ್ಮಂಗ್ಡೀದು" ಎಂದು ಹೇಳಿದಳು, ಸಹಿ ಮಾಡಿದಳು. ಶಾಹಜಹಾನ್ ಸುಟ್ಟಳು, ಕುಟ್ಟಿದಳು, ಜರಡಿ ಹಿಡಿದಳು. ಸೊಂಟದ ಚೀಲದಿಂದ ಹೊಳೆಯ ಕರಿ ಮರಳು ತೆಗೆದಾಗ ಸ್ನೇಹ ಕುರ್ಚಿಯಿಂದ ಮುಂದಕ್ಕೆ ಬಾಗಿದಳು.

"ಇದೇನಾ?"

"ಇದೇ ತಾಯಿ. ಗಟ್ಟಿ ಒಡ್ಯಾಕೆ. ಆಸಿಡ್ಡು ಇದ್ದಾಗ ಇದು ಉಳೀತಿರ್ಲಿಲ್ಲ. ಈಗ ಉಳ್ಕತದೆ."

"ಇದರಿಂದಲೇ ನಮ್ಮ ಪರೀಕ್ಷೆಯವರು ಅದಿರು ಅಂದದ್ದು" ಎಂದಳು ಸ್ನೇಹ. ಒಂದು ಚಿಟಿಕೆಯನ್ನು ಕವರಿಗೆ ಹಾಕಿಕೊಂಡಳು. "ನೀವು ಹೊಳೆ ಅಂದ್ರಿ, ಪುಡಿಯೂ ಹೊಳೆ ಅಂತು. ಇಬ್ಬರೂ ಮಾತಾಡಿಕೊಂಡ ಹಾಗೆ."

ಮರಿಗೆ ಕೈಗೆ ತೆಗೆದುಕೊಂಡರೂ ಆ ದಿನ ಮೈ ಹಿಡಿತಕ್ಕೆ ಬರಲಿಲ್ಲ. ಮೂರು ಜೊತೆ ಕಣ್ಣು ಅವಳ ಮಣಿಕಟ್ಟಿನ ಮೇಲಿತ್ತು. ನೀರು ಅಂಚಿನಲ್ಲಿ ಎಡವಿತು. "ಯಾ ಅಲ್ಲಾ" ಎಂದು ಒಂದು ಸಲ ಕೆಳಗಿಟ್ಟಳು, ಕೈ ಒರೆಸಿಕೊಂಡಳು, ಮತ್ತೆ ಎತ್ತಿದಳು. ಬೂದಿ ಹೋಯಿತು, ಇದ್ದಿಲು ಹೋಯಿತು, ಬ್ರಷ್ಷಿನ ಕೂದಲು ತೇಲಿಹೋಯಿತು. ಕರಿ ಪುಡಿ ಒಂದು ಕಡೆ ಸರಿದು, ಅದರ ಬಾಲದಲ್ಲಿ ಬಿದಿಗೆಯ ಚಂದ್ರನಂತೆ ಹಳದಿ ಗೆರೆ ಕಂಡಿತು.

ಸೋಮಮ್ಮ ಕಲ್ಲಿನಿಂದ ಇಳಿದು ಮರಿಗೆಯ ಮೇಲೆ ಬಗ್ಗಿದಳು.

"ಇಷ್ಟೇನಾ?"

"ಇಷ್ಟೇ ಅಕ್ಕ."

"ನಮ್ಮೆಜಮಾನ್ರು ಸಾಯಗಂಟ ಅಂತಿದ್ರು, ಬೂಬಮ್ಮ ನಮ್ ನೆಲ ಗುಡಿಸ್ಕಂಡ್ ಓಗಿ ಗಂಜಾಂನಾಗೆ ಮಾಳಿಗೆ ಏರ್ಸವ್ಳೆ ಅಂತ."

"ನಮ್ದು ಹೆಂಚಿನ ಮನೆ. ಮಳೆಗಾಲ್ದಾಗೆ ಬಂದ್ರೆ ಒಳಗೇ ಸ್ನಾನ ಆಯ್ತದೆ."

ಸ್ನೇಹ ನಕ್ಕಳು. ಸೋಮಮ್ಮನೂ ನಕ್ಕಳು, ಆದರೆ ಅವಳ ಕಣ್ಣು ಮರಿಗೆ ಬಿಡಲಿಲ್ಲ. ಕಳ್ಳಿ ಎಂದು ಬೈದಿದ್ದರೆ ಶಾಹಜಹಾನ್ ತಡೆದುಕೊಳ್ಳುತ್ತಿದ್ದಳೇನೋ. ಇಷ್ಟೇನಾ ಎನ್ನುವ ಮಾತು ಒಳಗೆ ಎಲ್ಲೋ ಹೋಗಿ ಕೂತಿತು.

ಅಲ್ಲೇ ಕೂತು ಸ್ನೇಹ ಬರೆದ ವರದಿ ಅದಿರಲ್ಲ, ಅಕ್ಕಸಾಲಿ ಕಸ ಎಂದಿತು. ಕಿಶನ್ ದಂಡ ಕಟ್ಟಿ ಕಾಗದ ತಿದ್ದಿಸಬೇಕಾಯಿತು. ಗಂಜಾಂನ ದಡಕ್ಕೆ ಮತ್ತೆ ಜೀಪು ಬರಲಿಲ್ಲ. ದಸರೆಗೆ ಮುಂಚೆ ತೆಪ್ಪ ನೀರಿಗಿಳಿಯಿತು. ಮಂಚಮ್ಮ ಒಂದು ಬಟ್ಟಲು ಪಾಯಸ ತಂದಿಟ್ಟು, "ತಿನ್ನು, ಚಿನ್ನ ಏನೂ ಆಕಿಲ್ಲ" ಎಂದಳು. ಕಿಶನ್ ಮಾತ್ರ ಫೋನು ಎತ್ತುವುದನ್ನೇ ಬಿಟ್ಟ. ಸರಕಿಗೆ ಬೇರೆ ಗಿರಾಕಿ ಹುಡುಕಬೇಕು. ಹುಡುಕಬಹುದು. ಅಕ್ಕಸಾಲಿಗಳ ಬಾಗಿಲದೇ ಚಿಂತೆ.

ದೀಪಾವಳಿ ಹತ್ತಿರ ಬಂತು. ಮರಿಗೆಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಬೆನ್ನಿಗೆ ಕಟ್ಟಿಕೊಂಡು ಪಾಂಡವಪುರಕ್ಕೆ ಹೋದಳು. ಸೋಮಮ್ಮ ಇನ್ನು ಮುಂದೆ ತೊಳೆಯುವುದು ತನ್ನ ಹಿತ್ತಿಲಿನಲ್ಲೇ, ತಾನೂ ಕಲಿಯುತ್ತೇನೆ ಎಂದು ಹಟ ಹಿಡಿದಿದ್ದಳು. ಅದನ್ನು ಒಪ್ಪಿಯಾಗಿತ್ತು. ಮೊದಲು ಆಚಾರಿಯ ದೂಳು ತೆಗೆದುಕೊಂಡು ಆ ಕಡೆ ಹೋಗುವುದು ಎಂದು ಲೆಕ್ಕ.

ಚಲುವಾಚಾರಿ ಎದ್ದು ನಿಂತು ಬರಮಾಡಿಕೊಂಡ. ಸೊಸೆಯ ಕೈಯಲ್ಲಿ ಮಜ್ಜಿಗೆ ಕೊಡಿಸಿದ. ಬಾಗಿಲ ಹಿಂದೆ ಡಬ್ಬ ಇರಲಿಲ್ಲ. ಅವಳು ಅಲ್ಲಿ ನೋಡಿದ್ದನ್ನು ಅವನು ನೋಡಿದ.

"ಬ್ಯಾರೆಯೋರ್ಗೆ ಕೊಟ್ಬುಟ್ಟೆ ಬೂಬಮ್ಮ."

"ನಾನು ನಿಮ್ ಹೆಸ್ರು ಏಳ್ಲಿಲ್ಲ ಆಚಾರ್ರೆ. ಯಾರ್ನ ಬೇಕಾದ್ರೂ ಕೇಳಿ."

"ಏಳ್ಲಿಲ್ಲ, ಗೊತ್ತು. ನಿನ್ ಮ್ಯಾಲೆ ಕ್ವಾಪ ಇಲ್ಲ." ಅರವನ್ನು ಕೈಯಲ್ಲಿ ತಿರುಗಿಸಿದ. "ಆದ್ರೆ ಏಳ್ಬೋದು ಅಂತ ಈಗ ಗೊತ್ತಾಯ್ತಲ್ಲ. ಮುಂಚೆ ಅದೂ ಗೊತ್ತಿರ್ಲಿಲ್ಲ."

ಮಜ್ಜಿಗೆ ಕುಡಿದು ಲೋಟ ತೊಳೆದಿಟ್ಟು ಹೊರಗೆ ಬಂದಳು. ನಾಗಮಂಗಲಕ್ಕೆ ಹೋಗಿ ಕೇಳಲೇ, ಬೇಡವೇ? ಬಸ್‌ಸ್ಟಾಂಡಿನಲ್ಲಿ ಆ ಬಸ್ಸಿನ ಬಾಗಿಲ ತನಕ ಹೋಗಿ, ಇಳಿದು ಬಂದವರಿಗೆ ದಾರಿ ಬಿಟ್ಟು, ತಿರುಗಿ ಕೆ.ಆರ್. ಪೇಟೆಯ ಬಸ್ಸು ಹತ್ತಿದಳು. ಬೆನ್ನಿನ ಗಂಟು ಪಕ್ಕದವನ ಮುಖಕ್ಕೆ ತಗುಲಿ ಅವನು ಗೊಣಗಿದ.

ಚಿನಕುರಳಿ ದಾಟುವಾಗ ಫೋನು ಹೊಡೆದುಕೊಂಡಿತು. ಆ ಕಡೆಯಿಂದ ಸೋಮಮ್ಮನ ಗಂಟಲು ಬಸ್ಸಿಗೆಲ್ಲ ಕೇಳಿಸಿತು.

"ಬೂಬಮ್ಮ, ಎಲ್ಲಿದ್ದೀಯೇ? ನಾನು ಬೆಳಿಗ್ಗೆನೇ ಸುಟ್ಟು, ಕುಟ್ಟಿ, ಜರಡಿನೂ ಹಿಡ್ದಾಯ್ತು. ಒಂದ್ ಅಗಲದ ಬಾಂಡಲಿ ಸಿಕ್ತು. ನೀನ್ ಬರಗಂಟ ಯಾಕೆ ಕಾಯ್ಲಿ, ತೊಳ್ದೇ ಬುಡ್ತೀನಿ ಅಂತಿವ್ನಿ!"

ಶಾಹಜಹಾನ್ ಸೀಟಿನಿಂದ ಎದ್ದೇಬಿಟ್ಟಳು.

"ಅಯ್ಯೋ ಮುಟ್ಬ್ಯಾಡ ಕಣಕ್ಕ! ಬಾಂಡಲೀಲಿ ಆಗಾದಲ್ಲ ಅದು, ಎಲ್ಲಾ ಚರಂಡಿಗೆ ಓಯ್ತದೆ! ಬಂದೆ, ಬಂದೆ, ಇಲ್ಲೇ ಇವ್ನಿ—"

"ಇಲ್ಲೇ ಅಂದ್ರೆ ಎಲ್ಲಿ?"

"ಬಸ್ನಾಗೆ!"

ಫೋನು ಕಟ್ಟಾಯಿತು. ಸೋಮಮ್ಮ ಕೇಳಿಸಿಕೊಂಡಳೋ, ನೀರು ಸುರಿದೇಬಿಟ್ಟಳೋ ತಿಳಿಯಲಿಲ್ಲ. ಶಾಹಜಹಾನ್ ಕಂಬಿ ಹಿಡಿದು ಒಬ್ಬೊಬ್ಬರನ್ನೇ ದಾಟಿಕೊಂಡು ಮುಂದಕ್ಕೆ ಹೋಗಿ ಡ್ರೈವರನ ಬೆನ್ನ ಹಿಂದೆ ನಿಂತಳು.

"ಅಣ್ಣಯ್ಯ, ಒಸಿ ಜೋರಾಗಿ ಬುಡಪ್ಪ."